ಕುಣಿಸುವವರ ಹೆಸರು ಹೇಳಬೇಕೇ?

ಅಮೆರಿಕದ ದೊಡ್ಡ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಶೆನ್ ಯುನ್ ನೃತ್ಯ ತಂಡದ ಹೆಸರು ಹೊಸದಲ್ಲ. ಚಳಿಗಾಲ ಬಂತೆಂದರೆ ಅಂಚೆ ಡಬ್ಬಿಯಲ್ಲಿ, ಹೆದ್ದಾರಿ ಪಕ್ಕದ ಫಲಕದಲ್ಲಿ, ಅಂಗಡಿಯ ಗಾಜಿನ ಮೇಲೆ ಅದೇ ಚಿತ್ರ: ರೇಷ್ಮೆ ಉಟ್ಟು ಗಾಳಿಗೆ ಜಿಗಿದ ನರ್ತಕಿ, ಜೊತೆಗೆ 5000 ವರ್ಷಗಳ ಚೀನೀ ನಾಗರಿಕತೆಯ ಮಾತು. ಟಿಕೆಟ್ ಕೊಂಡು ಒಳಗೆ ಹೋದವರಿಗೆ ಕುಣಿತ, ವಾದ್ಯಗಳ ನಡುವೆ ಬೇರೆಯದೂ ಎದುರಾಗುತ್ತದೆ. ಧ್ಯಾನಕ್ಕೆ ಕೂತವರನ್ನು ಚೀನಾದ ಪೊಲೀಸರು ಬಡಿಯುವ ದೃಶ್ಯ ಬರುತ್ತದೆ. ನಾಸ್ತಿಕತೆಯನ್ನೂ ವಿಕಾಸವಾದವನ್ನೂ ತಳ್ಳಿಹಾಕುವ ಹಾಡು ಬರುತ್ತದೆ. ನೋಡಿದ್ದು ನೃತ್ಯವೋ ಧರ್ಮಪ್ರಚಾರವೋ ಎಂಬ ಗೊಂದಲದಲ್ಲೇ ಕೆಲವರು ಮನೆಗೆ ಮರಳುತ್ತಾರೆ.

ಆ ಗೊಂದಲ ಪ್ರೇಕ್ಷಕನದ್ದಷ್ಟೇ ಆಗಿದ್ದರೆ ಒಂದು ಸಂಜೆಗೆ ಮುಗಿಯುತ್ತಿತ್ತು. ಅದರ ಹಿಂದೆ ಒಂದು ಶಾಲೆ ಇದೆ, ಶಾಲೆಯಲ್ಲಿ ಮಕ್ಕಳಿದ್ದಾರೆ. ಹಾಗಾಗಿ ವಿಷಯ ಅಷ್ಟು ಹಗುರವಲ್ಲ.

ಹಿನ್ನೆಲೆ ಹೀಗಿದೆ. ಲಿ ಹಾಂಗ್‌ಝಿ ಎಂಬುವರು 1992ರಲ್ಲಿ ಚೀನಾದಲ್ಲಿ ಆರಂಭಿಸಿದ ಫಾಲುನ್ ಗಾಂಗ್ ಅಥವಾ ಫಾಲುನ್ ದಾಫಾ ಧ್ಯಾನ, ಅಂಗಸಾಧನೆ ಮತ್ತು ನೀತಿಬೋಧೆ ಬೆರೆತ ಪಂಥ. ಕೆಲವೇ ವರ್ಷಗಳಲ್ಲಿ ಕೋಟಿಗಟ್ಟಲೆ ಜನ ಅದರ ಹಿಂದೆ ಹೋದರು. 1999ರ ಏಪ್ರಿಲ್‌ನಲ್ಲಿ ಸುಮಾರು ಹತ್ತು ಸಾವಿರ ಅನುಯಾಯಿಗಳು ಬೀಜಿಂಗ್‌ನ ಆಡಳಿತ ಕೇಂದ್ರದ ಬಳಿ ಮೌನವಾಗಿ ನೆರೆದಾಗ ಕಮ್ಯುನಿಸ್ಟ್ ಪಕ್ಷ ಬೆಚ್ಚಿತು. ಜುಲೈನಲ್ಲಿ ಪಂಥವನ್ನೇ ನಿಷೇಧಿಸಿತು. ಆಮೇಲಿನ ಬಂಧನ, ಕಾರ್ಮಿಕ ಶಿಬಿರ, ಚಿತ್ರಹಿಂಸೆಗಳನ್ನು ಮಾನವ ಹಕ್ಕು ಸಂಘಟನೆಗಳು ದಾಖಲಿಸಿವೆ. ಪಂಥದ ಮುಖ್ಯ ನೆಲೆ ಈಗ ನ್ಯೂಯಾರ್ಕ್ ರಾಜ್ಯದ ಆರೆಂಜ್ ಕೌಂಟಿಯಲ್ಲಿ, ಸುಮಾರು 400 ಎಕರೆಯ ಡ್ರ್ಯಾಗನ್ ಸ್ಪ್ರಿಂಗ್ಸ್ ಎಂಬ ಕಾವಲಿನ ಆವರಣದಲ್ಲಿ. 2006ರಲ್ಲಿ ಪಂಥದ ಅನುಯಾಯಿಗಳಿಂದ ಶೆನ್ ಯುನ್ ಹುಟ್ಟಿತು. ಮರುವರ್ಷ ಅದೇ ಆವರಣದಲ್ಲಿ ಫೇ ಟಿಯನ್ ಕಲಾ ಶಾಲೆ ಶುರುವಾಯಿತು. ಮುಂದೆ ಅದೇ ಹೆಸರಿನ ಕಾಲೇಜೂ ಬಂತು. ಮಕ್ಕಳಿಗೆ ಬೋಧನೆ, ಊಟ, ವಸತಿ ಎಲ್ಲಕ್ಕೂ ವಿದ್ಯಾರ್ಥಿವೇತನ. ಪಳಗಿದವರು ಶೆನ್ ಯುನ್ ತಂಡಗಳ ಜೊತೆ ದೇಶ ಸುತ್ತುತ್ತಾರೆ.

2024ರ ಆಗಸ್ಟ್‌ನಿಂದ ನ್ಯೂಯಾರ್ಕ್ ಟೈಮ್ಸ್ ಸರಣಿ ವರದಿಗಳನ್ನು ಪ್ರಕಟಿಸಿತು. ಗಾಯಗೊಂಡ ನರ್ತಕರಿಗೆ ಸರಿಯಾದ ಚಿಕಿತ್ಸೆ ಸಿಗುತ್ತಿರಲಿಲ್ಲ, ನೋವನ್ನು ಸಾಧನೆಯ ಕೊರತೆ ಎಂಬಂತೆ ಕಾಣಲಾಗುತ್ತಿತ್ತು, ದೀರ್ಘ ದುಡಿಮೆಗೆ ಸಂಬಳ ಅತ್ಯಲ್ಪವಿತ್ತು ಅಥವಾ ಇರಲೇ ಇಲ್ಲ ಎಂದು ಹಿಂದಿನ ಕಲಾವಿದರು ಹೇಳಿದರು. 2023ರ ಕೊನೆಗೆ ಶೆನ್ ಯುನ್ ಬಳಿ 26 ಕೋಟಿ ಡಾಲರಿಗೂ ಮಿಕ್ಕ ಆಸ್ತಿ ಇತ್ತೆಂದು ಅದೇ ಪತ್ರಿಕೆ ಬರೆಯಿತು. ಹಿಂದಿನ ನರ್ತಕಿಯೊಬ್ಬರು ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯಕ್ಕೆ ಹೋದರು. ನ್ಯೂಯಾರ್ಕ್‌ನ ಕಾರ್ಮಿಕ ಇಲಾಖೆ ವಿಚಾರಣೆ ಆರಂಭಿಸಿತು. ಸಂಸ್ಥೆ ಈ ಆರೋಪಗಳನ್ನು ಅಲ್ಲಗಳೆದಿದೆ. ಪ್ರವಾಸವೂ ಶಿಕ್ಷಣದ ಭಾಗವೇ, ತನ್ನ ನಂಬಿಕೆಯನ್ನು ತಿರುಚಿ ತೋರಿಸಲಾಗಿದೆ ಎಂಬುದು ಅದರ ವಾದ.

ಆರೋಪಗಳ ತೀರ್ಪು ನ್ಯಾಯಾಲಯದ್ದು. ಇಲ್ಲಿ ತೂಗಬೇಕಾದದ್ದು ಅದಕ್ಕೂ ಹಿಂದಿನ ಪ್ರಶ್ನೆ: ಧರ್ಮದ ಹಣದಲ್ಲಿ, ಧರ್ಮದ ನೆರಳಿನಲ್ಲಿ ನಡೆಯುವ ಕಲಾ ಶಾಲೆ ಏನೇನನ್ನು ಬಿಚ್ಚಿಡಬೇಕು, ಯಾರಿಗೆ?

ಮೊದಲು ಬಿಚ್ಚಿಡಬೇಕಿಲ್ಲ ಎನ್ನುವವರ ಮಾತು ಕೇಳೋಣ. ಅದು ಜಾರಿಕೊಳ್ಳುವವರ ಮಾತೆಂದು ತಳ್ಳಿಹಾಕುವಂಥದ್ದಲ್ಲ. ಗುಡಿ, ಚರ್ಚುಗಳ ಆಸರೆಯಿಲ್ಲದೆ ಜಗತ್ತಿನ ಎಷ್ಟೋ ನೃತ್ಯ, ಸಂಗೀತ ಉಳಿಯುತ್ತಲೇ ಇರಲಿಲ್ಲ. ಭಕ್ತರು ತಮ್ಮ ದುಡ್ಡಿನಲ್ಲಿ ಶಾಲೆ ಕಟ್ಟುವುದು, ಮಕ್ಕಳನ್ನು ಅಲ್ಲಿಗೆ ಕಳಿಸುವುದು ಅಮೆರಿಕದಲ್ಲಿ ಹಕ್ಕು. ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕೆಂದು ಆರಿಗನ್ ರಾಜ್ಯ ಮಾಡಿದ್ದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1925ರಲ್ಲೇ ರದ್ದುಮಾಡಿತು. ಬ್ಯಾಲೆ ಶಾಲೆಗಳ ಕಠಿಣ ಶಿಸ್ತನ್ನು ಕಲೆಯ ಬೆಲೆ ಎಂದು ಮೆಚ್ಚುವವರು, ಅದೇ ಶಿಸ್ತು ಚೀನೀ ವಲಸಿಗರ ಶಾಲೆಯಲ್ಲಿ ಕಂಡಾಗ ಹುಬ್ಬೇರಿಸುವುದೇಕೆ ಎಂದು ಅನುಯಾಯಿಗಳು ಕೇಳಿದರೆ ಉತ್ತರಿಸುವುದು ಸುಲಭವಲ್ಲ.

ಅದಕ್ಕಿಂತ ಗಟ್ಟಿಯಾದ ಕಾರಣ ಭಯ. ಈ ಭಯ ಕಲ್ಪನೆಯದ್ದಲ್ಲ. ಚೀನಾದ ರಾಯಭಾರ ಕಚೇರಿಗಳು ಈ ಪ್ರದರ್ಶನವನ್ನು ತಡೆಯಿರೆಂದು ನಾನಾ ದೇಶಗಳ ರಂಗಮಂದಿರಗಳಿಗೆ ಒತ್ತಡ ಹೇರಿವೆ. 2016ರಲ್ಲಿ ಸೋಲ್ ನಗರದ ಕೆಬಿಎಸ್ ಹಾಲ್‌ನಲ್ಲಿ ಆಗಬೇಕಿದ್ದ ಪ್ರದರ್ಶನ ರದ್ದಾಯಿತು. 2025ರ ಫೆಬ್ರುವರಿಯಲ್ಲಿ ಬಾಂಬ್ ಬೆದರಿಕೆಯಿಂದ ವಾಷಿಂಗ್ಟನ್‌ನ ಕೆನಡಿ ಸೆಂಟರನ್ನು ತೆರವು ಮಾಡಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾದದ್ದು 2023ರ ಪ್ರಕರಣ. ಚೀನಾ ಸರ್ಕಾರದ ಪರವಾಗಿ ಕೆಲಸ ಮಾಡುತ್ತಿದ್ದ ಇಬ್ಬರು, ಫಾಲುನ್ ಗಾಂಗ್‌ಗೆ ಸೇರಿದ ಸಂಸ್ಥೆಯ ತೆರಿಗೆ ವಿನಾಯಿತಿ ಕಳೆಯಲು ಅಮೆರಿಕದ ತೆರಿಗೆ ಇಲಾಖೆಗೆ ದೂರು ಕೊಟ್ಟು, ತನಿಖೆ ಶುರುಮಾಡಿಸಲು ಅಧಿಕಾರಿಗೆ ಲಂಚ ಕೊಡಹೋದರು. ಅಧಿಕಾರಿಯ ವೇಷದಲ್ಲಿದ್ದವನು ಗುಪ್ತ ತನಿಖೆಯವನು. ಇಬ್ಬರೂ ಮರುವರ್ಷ ತಪ್ಪೊಪ್ಪಿಕೊಂಡು ಜೈಲುಶಿಕ್ಷೆಗೆ ಗುರಿಯಾದರು. ಲೆಕ್ಕ ಕೇಳುವ ಕಾನೂನೇ ಹಿಂಸಕನ ಕೈಯ ಆಯುಧವಾಗಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಚೀನಾದಲ್ಲಿ ಬಂಧುಗಳನ್ನು ಬಿಟ್ಟುಬಂದ ದಾನಿಯ ಹೆಸರು ಹೊರಬಿದ್ದರೆ ಪೆಟ್ಟು ತಿನ್ನುವವರು ಆ ಬಂಧುಗಳು.

ಅಮೆರಿಕದ ನ್ಯಾಯಾಲಯಗಳೂ ಈ ಭಯಕ್ಕೆ ಬೆಲೆ ಕೊಟ್ಟಿವೆ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ತನ್ನ ಸದಸ್ಯರ ಪಟ್ಟಿಯನ್ನು ಅಲಬಾಮಾ ಸರ್ಕಾರಕ್ಕೆ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1958ರಲ್ಲಿ ಹೇಳಿತು. ದಾನ ಸಂಸ್ಥೆಗಳು ದೊಡ್ಡ ದಾನಿಗಳ ಹೆಸರನ್ನು ತನಗೆ ಸಲ್ಲಿಸಬೇಕೆಂಬ ಕ್ಯಾಲಿಫೋರ್ನಿಯಾದ ನಿಯಮವನ್ನು 2021ರಲ್ಲಿ ಹೊಡೆದುಹಾಕಿತು.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ತೆರಿಗೆ ವಿನಾಯಿತಿ ಎಂದರೆ ಉಳಿದವರು ತುಂಬಿಕೊಡುವ ಹಣ. ಅದನ್ನು ಪಡೆದವರು ಲೆಕ್ಕ ಕೊಡಬೇಕೆಂಬುದು ನ್ಯಾಯದ ಮಾತು. ಶೆನ್ ಯುನ್ ಲಾಭರಹಿತ ಸಂಸ್ಥೆಯಾಗಿ ವಾರ್ಷಿಕ ಲೆಕ್ಕ ಸಲ್ಲಿಸುತ್ತದೆ. ಆಸ್ತಿಯ ಮೊತ್ತ ಜನರಿಗೆ ತಿಳಿಯುವುದೇ ಆ ದಾರಿಯಿಂದ. ಆದರೆ ಪೂಜಾಸ್ಥಳವೆಂದು ಗುರುತಿಸಿಕೊಂಡ ಸಂಸ್ಥೆಗಳಿಗೆ ಅಮೆರಿಕದಲ್ಲಿ ಆ ಲೆಕ್ಕವನ್ನು ಸಲ್ಲಿಸುವ ಕಟ್ಟಳೆಯೇ ಇಲ್ಲ. ಒಂದೇ ನಂಬಿಕೆಯ ಸುತ್ತ ಶಾಲೆ, ಕಾಲೇಜು, ತಂಡ, ಆರಾಧನಾ ಕೇಂದ್ರಗಳು ಹೆಣೆದುಕೊಂಡಿದ್ದಾಗ ಹಣ ಯಾವ ಕೋಣೆಯಿಂದ ಯಾವ ಕೋಣೆಗೆ ಹೋಯಿತೆಂದು ಹೊರಗಿನವರು ಹೇಳಲಾರರು.

ಹಣಕ್ಕಿಂತ ದೊಡ್ಡದು ಮಕ್ಕಳ ಪ್ರಶ್ನೆ. ವಯಸ್ಕ ಭಕ್ತ ತನ್ನ ದುಡಿಮೆಯನ್ನು ದೇವರಿಗೆ ಅರ್ಪಿಸಬಹುದು. ಹದಿಮೂರು, ಹದಿನಾಲ್ಕರ ಹುಡುಗಿ ಹಾಗೆ ಅರ್ಪಿಸಬಲ್ಲಳೇ? ಊಟ, ವಸತಿ, ಪಾಠ, ವೇದಿಕೆ, ಮೋಕ್ಷದ ಭರವಸೆ ಐದೂ ಒಂದೇ ಕೈಯಿಂದ ಬರುವಾಗ ಆಕೆ ಬೇಡವೆನ್ನುವುದು ಹೇಗೆ? ಕಾಲು ಉಳುಕಿದೆ ಎಂದರೆ ನಂಬಿಕೆ ಉಳುಕಿದೆ ಎಂದು ಕೇಳಿಸಿಕೊಳ್ಳುವವರ ಎದುರು ಬಾಯಿ ಬಿಡುವುದು ಹೇಗೆ? ಟೋನಿ ಮತ್ತು ಸೂಸನ್ ಅಲಮೊ ಪ್ರತಿಷ್ಠಾನದ ಪ್ರಕರಣ ಇಲ್ಲಿ ನೆನಪಾಗಬೇಕು. ಆ ಕ್ರೈಸ್ತ ಸಂಸ್ಥೆ ಪೆಟ್ರೋಲ್ ಬಂಕ್, ಬಟ್ಟೆ ಅಂಗಡಿಗಳನ್ನು ನಡೆಸುತ್ತಿತ್ತು. ದುಡಿದವರಿಗೆ ಅನ್ನ, ಬಟ್ಟೆ, ಸೂರು ಮಾತ್ರ. ನಮಗೆ ಸಂಬಳ ಬೇಡ, ಇದು ಸೇವೆ ಎಂದು ಅವರೇ ಸಾಕ್ಷಿ ಹೇಳಿದರು. ಆದರೂ ಕನಿಷ್ಠ ವೇತನದ ಕಾನೂನು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಒಮ್ಮತದಿಂದ ತೀರ್ಪಿತ್ತಿತು. ಅವು ಪೇಟೆಯಲ್ಲಿ ಇತರರೊಡನೆ ಪೈಪೋಟಿಗಿಳಿದ ವ್ಯವಹಾರಗಳು. ಬೇಡವೆಂದವರನ್ನು ಬಿಟ್ಟುಬಿಟ್ಟರೆ, ಬೇಕೆನ್ನಲಾರದವರಿಂದಲೂ ಬೇಡವೆನ್ನಿಸುವುದು ಮಾಲೀಕರಿಗೆ ಸುಲಭವಾಗುತ್ತದೆ. ಶಾಲೆಯ ಪ್ರವಾಸವನ್ನು ಅಂಥ ವ್ಯವಹಾರ ಎನ್ನಬೇಕೋ ಪಾಠ ಎನ್ನಬೇಕೋ ಎಂಬುದರಲ್ಲೇ ಈಗಿನ ವಿವಾದದ ಜೀವ ಇದೆ.

ಪ್ರೇಕ್ಷಕರ ದೂರು ಇದಕ್ಕಿಂತ ಹಗುರ, ಆದರೆ ಹುಸಿಯಲ್ಲ. ಶೆನ್ ಯುನ್ ತನ್ನ ನಂಬಿಕೆಯನ್ನು ಪೂರ್ತಿ ಮುಚ್ಚಿಟ್ಟಿಲ್ಲ. ಜಾಲತಾಣದಲ್ಲಿ ಫಾಲುನ್ ದಾಫಾದ ಹೆಸರಿದೆ, ವೇದಿಕೆಯ ಮೇಲಂತೂ ಇದ್ದೇ ಇದೆ. ಭಿತ್ತಿಪತ್ರ ನೋಡಿ ಟಿಕೆಟ್ ಕೊಳ್ಳುವವನಿಗೆ ಮಾತ್ರ ಅದು ಸುಲಭವಾಗಿ ತಿಳಿಯುವುದಿಲ್ಲ. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಕಟೀಲು, ಮಂದಾರ್ತಿ, ಧರ್ಮಸ್ಥಳ ಎಂದು ಕ್ಷೇತ್ರದ ಹೆಸರನ್ನೇ ಹೊತ್ತು ಮೇಳ ತಿರುಗುತ್ತದೆ. ಚೌಕಿಯಲ್ಲಿ ದೇವರ ಪೂಜೆ ಆದ ಮೇಲೆ ಆಟ; ಹರಕೆಯ ಆಟವಾದರೆ ಖರ್ಚು ಯಾರದ್ದೆಂದು ಊರಿಗೇ ಗೊತ್ತು. ಧರ್ಮ ಅಲ್ಲಿಯೂ ಕಲೆಯನ್ನು ಸಾಕುತ್ತಿದೆ, ಆದರೆ ಮೋಸಹೋದೆ ಎನ್ನುವವರಿಲ್ಲ. ಹಾಗೆಂದು ಹೆಸರು ಬಯಲಾದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಕಲಾವಿದನ ಸಂಬಳ ಎಷ್ಟು, ಅವನನ್ನು ಮೇಳದಿಂದ ತೆಗೆಯುವ ಅಧಿಕಾರ ಯಾರದ್ದು ಎಂಬ ಪ್ರಶ್ನೆಗಳು ಇಲ್ಲಿಯೂ ಉಳಿಯುತ್ತವೆ.

ಎರಡು ವಾದಗಳೂ ಡಿಕ್ಕಿ ಹೊಡೆಯುವಂತೆ ಕಾಣುವುದು ನಾವು ಪಾರದರ್ಶಕತೆಯನ್ನು ಒಂದೇ ಬಾಗಿಲೆಂದು ಎಣಿಸಿದಾಗ. ಯಾರು ಕೇಳುತ್ತಿದ್ದಾರೆ ಎಂಬುದನ್ನು ನೋಡಿ ಉತ್ತರಿಸಿದರೆ ಜಗಳದ ಅರ್ಧ ಭಾಗ ಕರಗುತ್ತದೆ. ದಾನಿಯ ಹೆಸರನ್ನು ಪತ್ರಕರ್ತನಿಗಾಗಲಿ ನೆರೆಹೊರೆಗಾಗಲಿ ಕೊಡಬೇಕಿಲ್ಲ. ಬೀಜಿಂಗ್‌ಗೆ ತಲುಪುವ ಸಾಧ್ಯತೆ ಇರುವಾಗಂತೂ ಕೊಡಲೇಬಾರದು. ಪ್ರೇಕ್ಷಕನಿಗೆ ಭಿತ್ತಿಪತ್ರದ ಮೇಲೆ ಒಂದು ಸಾಲು ಸಾಕು: ಈ ತಂಡ ಫಾಲುನ್ ದಾಫಾ ಅನುಯಾಯಿಗಳದ್ದು. ಆದರೆ ಮಗುವನ್ನು ಒಪ್ಪಿಸುವ ತಂದೆತಾಯಿಗೆ, ಮಗುವಿಗೆ ಎಲ್ಲವೂ ತಿಳಿಯಬೇಕು: ದಿನಕ್ಕೆ ಎಷ್ಟು ಗಂಟೆ ಅಭ್ಯಾಸ, ವರ್ಷಕ್ಕೆ ಎಷ್ಟು ಪ್ರದರ್ಶನ, ಗಾಯವಾದರೆ ಯಾವ ವೈದ್ಯರು, ಮನೆಗೆ ಫೋನ್ ಮಾಡುವುದು ಯಾವಾಗ, ನಡುವೆ ಬಿಟ್ಟರೆ ಏನಾಗುತ್ತದೆ, ನಂಬಿಕೆ ಬದಲಾದರೆ ಜಾಗ ಉಳಿಯುತ್ತದೆಯೇ. ಕಾರ್ಮಿಕ ಮತ್ತು ಶಿಕ್ಷಣ ಇಲಾಖೆಗಳ ಎದುರು ಇಲ್ಲಿ ದೇವರ ಹೆಸರು ಅಡ್ಡ ಬರಬಾರದು. ಇದ್ಯಾವುದಕ್ಕೂ ಒಬ್ಬ ದಾನಿಯ ಹೆಸರೂ ಬೇಕಿಲ್ಲ.

ಹಿಂಸೆಗೊಳಗಾದವರ ಮೇಲೆ ಮತ್ತೊಂದು ಹೊರೆ ಏಕೆ ಎಂಬ ಮಾತು ಉಳಿಯುತ್ತದೆ. ಅದು ನಿಜವಾದ ಹೊರೆಯೇ. ಟೀಕಿಸುವವರ ಮೇಲೂ ಅದಕ್ಕೆ ಸಮನಾದ ಹೊರೆ ಇದೆ: ಚೀನಾ ಸರ್ಕಾರದ ನಿಂದೆಯ ಮಾತುಗಳನ್ನು ಎರವಲು ಪಡೆಯದೆ, ಪಂಥದ ನಂಬಿಕೆಯನ್ನು ಗೇಲಿ ಮಾಡದೆ, ಮಗುವಿನ ಗಾಯದ ಪ್ರಶ್ನೆಯನ್ನಷ್ಟೇ ಕೇಳಬೇಕು. ಇಷ್ಟಾದರೂ ತೂಕ ನನಗೆ ಶಾಲೆ ಬಾಗಿಲು ತೆರೆಯುವ ಕಡೆಗೇ ಸ್ವಲ್ಪ ಹೆಚ್ಚು ಕಾಣುತ್ತದೆ. ಲಂಚ ಕೊಡಹೋದ ಆ ಇಬ್ಬರ ಎಣಿಕೆ ಒಂದು ಅನುಮಾನದ ಮೇಲೆ ನಿಂತಿತ್ತು: ಲೆಕ್ಕ ಕೆದಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ ಎಂಬ ಅನುಮಾನ. ಮಕ್ಕಳ ದುಡಿಮೆ, ಗಾಯ, ಸಂಬಳಗಳ ಪುಸ್ತಕವನ್ನು ಸ್ವತಂತ್ರ ಪರಿಶೀಲಕರ ಮುಂದೆ ತಾನಾಗಿಯೇ ಇಟ್ಟ ಶಾಲೆಯ ವಿರುದ್ಧ ಅಂಥ ದೂರಿಗೆ ಬಲ ಬರುವುದಿಲ್ಲ.