ನನ್ನ ಕೂದಲಿಗೆ ಬಯೋಟಿನ್, ಅವಳ ಕೂಸಿಗೆ ತಾಯತ

ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಕೂದಲು ಉದುರುತ್ತಿಲ್ಲ ಅನ್ನುವವರೇ ಕಡಿಮೆ. ಅರ್ಧ ಟೀಮಿನವರ ಡ್ರಾಯರಿನಲ್ಲಿ ಬಯೋಟಿನ್ ಮಾತ್ರೆ ಇರುತ್ತದೆ. ನನ್ನದರಲ್ಲೂ ಇತ್ತು. ಅದೇ ಮಾತ್ರೆ ಸಕಾಲಕ್ಕೆ ಸಿಗದೆ ಕಮಲಾಪುರದಲ್ಲಿ ನನ್ನ ತಂಗಿಯ ಕೂಸಿಗೆ ಕಿವಿ ಕೇಳಿಸದಂತಾಯಿತು.

ತಂಗಿ ಅಂದ್ರೆ ದೊಡ್ಡಪ್ಪನ ಮಗಳು. ಸೋದರಮಾವನಿಗೇ ಕೊಟ್ಟಿದ್ದರು. ಕೂಸಿಗೆ ಮೂರು ತಿಂಗಳಾದಾಗ ಕಣ್ಣು, ಮೂಗು, ಬಾಯಿಯ ಸುತ್ತ ಚರ್ಮ ಕೆಂಪಾಗಿ ಸುಲಿಯಿತು. ತಲೆಗೂದಲು ಹೋಯಿತು, ಹುಬ್ಬೂ ಉದುರಿತು. "ದೃಷ್ಟಿ ಆಗ್ಯಾದ" ಅಂದ್ರು ಓಣಿಯವರು, ತಾಯತ ಕಟ್ಟಿದರು. "ಗ್ರಹಣದಾಗ ಹೊರಗ ಬಂದಿದ್ಳು, ಅದಕ್ಕ ಹಿಂಗ" ಅಂದ್ರು ಮನೆಯವರು. ಕಲಬುರಗಿಯಲ್ಲಿ ತೋರಿಸಿದರೆ ಎರಡು ಸಲವೂ ಮುಲಾಮು. ತಂಗಿ ನನಗೆ ವಾಟ್ಸಾಪಿನಲ್ಲಿ ಫೋಟೊ ಕಳಿಸಿದಳು: "ಅಣ್ಣಾ, ಅಲ್ಲಿ ಯಾರಿಗಾದ್ರೂ ತೋರ್ಸು." ನಾನು ಮೀಟಿಂಗಿನಲ್ಲಿ ಕೂತುಕೊಂಡೇ "ಸೆಕೆ ಗುಳ್ಳೆ ಇರಬೇಕು, ಪೌಡರ್ ಹಚ್ಚು" ಎಂದು ಟೈಪಿಸಿದೆ. ಐದನೇ ತಿಂಗಳಿಗೆ ಫಿಟ್ಸ್ ಬಂತು.

ಬೆಂಗಳೂರಿಗೆ ಕರೆತಂದ ಮೇಲೆ ರಕ್ತಪರೀಕ್ಷೆ ಹೇಳಿದ್ದು: ಬಯೋಟಿನಿಡೇಸ್ ಕೊರತೆ. ಬಯೋಟಿನ್ ಎಂಬ ವಿಟಮಿನ್ನನ್ನು ಬಿಡಿಸಿಕೊಂಡು ಮತ್ತೆ ಬಳಸುವ ಕಿಣ್ವ ಈ ಮಕ್ಕಳಲ್ಲಿ ಸಾಕಷ್ಟಿಲ್ಲ. ಚಿಕಿತ್ಸೆ? ದಿನಕ್ಕೆ 5ರಿಂದ 10 ಮಿಲಿಗ್ರಾಂ ಬಯೋಟಿನ್, ಜೀವನಪೂರ್ತಿ. ಕೆಲವೇ ದಿನಗಳಲ್ಲಿ ಫಿಟ್ಸ್ ನಿಂತಿತು, ವಾರಗಳಲ್ಲಿ ಚರ್ಮ ಮಾಸಿತು, ಕೂದಲು ಬಂತು. ಹೋದ ಕಿವಿ ಮಾತ್ರ ಬರಲಿಲ್ಲ.

"ಅಪರೂಪದ ಕಾಯಿಲೆ ಅಲ್ವಾ, ಯಾರಿಗೆ ಗೊತ್ತಾಗುತ್ತೆ?" ಎಂದು ಸಮಾಧಾನ ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ದೋಷವಿರುವ ಜೀನನ್ನು ಅಪ್ಪ ಅಮ್ಮ ಇಬ್ಬರೂ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಆಸ್ತಿ ಮನೆಯಲ್ಲೇ ಉಳಿಯಲಿ ಎಂದು ಅಕ್ಕನ ಮಗಳನ್ನೇ ತರುವ ನಮ್ಮ ಮನೆಗಳಲ್ಲಿ ಇಂಥದ್ದು ಅಷ್ಟು ಅಪರೂಪ ಹೇಗಾದೀತು? ತಪ್ಪು ಗ್ರಹಣದ್ದಲ್ಲ, ತಾಯಿಯದಂತೂ ಅಲ್ಲವೇ ಅಲ್ಲ.

ಪರೀಕ್ಷೆಯೇನು ಹೊಸದೇ? ಅಮೆರಿಕದ ವರ್ಜೀನಿಯಾದಲ್ಲಿ 1984ರಲ್ಲೇ ಹಸುಗೂಸುಗಳ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲಿ ಇದನ್ನು ಹುಡುಕಲು ಶುರು ಮಾಡಿದರು. ಅಮೈನೋ ಆಮ್ಲದ ದೋಷಗಳಿಗಾಗಿ ಕರ್ನಾಟಕದಲ್ಲೇ 1980ರ ದಶಕದಲ್ಲಿ ಸಾವಿರಾರು ಕೂಸುಗಳ ರಕ್ತ ಪರೀಕ್ಷಿಸಿದ್ದರು. ಕಮಲಾಪುರದ ಹೆರಿಗೆಯಾದ ತಾಯಿಗೆ ಅದು ಇವತ್ತಿಗೂ ತಾನಾಗಿ ಸಿಗುವುದಿಲ್ಲ. ಆಶಾ ಕಾರ್ಯಕರ್ತೆ 42 ದಿನಗಳವರೆಗೆ ಮನೆಗೆ ಬರುತ್ತಾಳೆ, ತೂಕ ನೋಡುತ್ತಾಳೆ, ಜ್ವರ ನೋಡುತ್ತಾಳೆ. ಮೊದಲ ವಾರದಲ್ಲೇ ಒಂದು ಹನಿ ರಕ್ತವನ್ನೂ ಕಾಗದದ ಮೇಲೆ ಒಣಗಿಸಿ ಲ್ಯಾಬಿಗೆ ಕಳಿಸುವಂತಾದರೆ ಆಕಾಶವೇನೂ ಬೀಳುವುದಿಲ್ಲ. ಸರ್ಕಾರ ಇಷ್ಟು ಮಾಡಲಿ.

ನಾವೂ ಇಷ್ಟು ಮಾಡೋಣ. ಕೂಸಿನ ಗುಳ್ಳೆಗಳಲ್ಲಿ ಬಹುಪಾಲು ನಿಜವಾಗಿಯೂ ಸಾಮಾನ್ಯವೇ, ಗಾಬರಿ ಬೇಡ. ಆದರೆ ಕಣ್ಣು, ಮೂಗು, ಬಾಯಿಯ ಸುತ್ತ ಮುಲಾಮಿಗೆ ಬಗ್ಗದ ಗಾಯ, ಜೊತೆಗೆ ಕೂದಲು, ಹುಬ್ಬು ಉದುರುವುದು, ಕೂಸು ಬಟ್ಟೆಯಂತೆ ಜೋಲುವುದು, ಫಿಟ್ಸ್: ಇವು ಒಟ್ಟಿಗೆ ಬಂದರೆ ಮೂರನೇ ಮುಲಾಮು ಬೇಡ. "ಬಯೋಟಿನಿಡೇಸ್ ಟೆಸ್ಟ್ ಮಾಡಿಸೋಣ್ರಿ" ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ.

ಸರ್ವರ್ ಒಂದು ಅಲರ್ಟ್ ಕೊಟ್ಟರೆ ನಡುರಾತ್ರಿ ಎದ್ದು ಲಾಗ್ ಓದುವವರು ನಾವು. ಊರಿಂದ ಕೂಸಿನ ಫೋಟೊ ಬಂದಾಗ "ಪೌಡರ್ ಹಚ್ಚು" ಅನ್ನಬೇಡಿ. ನಾನು ಅಂದಿದ್ದೆ.