ಹಳೇ ಮಿಲಿಟರಿ ಗಾಡಿ: ತೋಟಕ್ಕೋ, ಶೋಕಿಗೋ? ಮೊದಲು ತೀರ್ಮಾನ ಮಾಡಿ

ಮೊಬೈಲ್ ತೆರೆದ್ರೆ ಸಾಕು, ಕೆಸರಲ್ಲಿ ಗುಡುಗುತ್ತಾ ದಿಣ್ಣೆ ಏರುವ ಹಸಿರು ಗಾಡಿಯ ವಿಡಿಯೊ ಎದುರಿಗೆ ಬರುತ್ತೆ. ಜೋಂಗಾ, ನಿಸಾನ್ ಒನ್ ಟನ್, ಶಕ್ತಿಮಾನ್. ಸೇನೆ ಬಿಟ್ಟ ಗಾಡಿಯನ್ನ ಬಿಚ್ಚಿ, ತೊಳೆದು, ಹೊಸದರಂತೆ ಮಾಡಿ ನಿಲ್ಲಿಸಿರ್ತಾರೆ. ನೋಡಿದ ತಕ್ಷಣ ಮಲೆನಾಡು, ಕೊಡಗಿನ ಯುವ ಬೆಳೆಗಾರರಿಗೆ ಬರೋ ಮೊದಲ ಯೋಚನೆ ಒಂದೇ: "ಇದು ನಮ್ಮ ತೋಟದ ದಾರಿಗೆ ಹೇಳಿ ಮಾಡಿಸಿದಂಗಿದೆಯಲ್ಲ!"

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಗಾಡಿ ಚೆನ್ನಾಗಿದೆ, ಆಸೆಪಡೋದರಲ್ಲಿ ತಪ್ಪಿಲ್ಲ. ಆದ್ರೆ ಒಂದೇ ಗಾಡಿಯನ್ನ ತೋಟದ ಕೆಲಸಕ್ಕೂ ಶೋಕಿಗೂ ಅಂತ ಲೆಕ್ಕ ಹಾಕಿ ಕೊಂಡ್ರೆ ಎರಡಕ್ಕೂ ದಕ್ಕಲ್ಲ. ಕಾನೂನು ಇವೆರಡನ್ನ ಬೇರೆ ಬೇರೆಯಾಗಿ ನೋಡುತ್ತೆ, ಖರ್ಚೂ ಬೇರೆ ಬೇರೆ. ಯಾವುದಕ್ಕೆ ಅನ್ನೋದನ್ನ ಅಡ್ವಾನ್ಸ್ ಕೊಡೋ ಮೊದಲೇ ತೀರ್ಮಾನ ಮಾಡ್ಬೇಕು.

ಯಾವ ಗಾಡಿಗಳು ಇವು?

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಜೀಪು, ಟ್ರಕ್ಕುಗಳು ನಮ್ಮ ದೇಶದಲ್ಲೂ ಮಾರಾಟಕ್ಕೆ ಬಂದ್ವು. ಆಗಿನಿಂದಲೇ ಜನರ ಬಾಯಲ್ಲಿ "ಡಿಸ್ಪೋಸಲ್ ಗಾಡಿ" ಅನ್ನೋ ಮಾತು ಇದೆ. ಆಮೇಲೆ ಇಲ್ಲೇ ತಯಾರಾದ ಗಾಡಿಗಳು ಬಂದ್ವು. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸಿನಲ್ಲಿ ಜಬಲ್ಪುರದಲ್ಲಿ ಕಟ್ಟಿದ ಲಾರಿಯೇ ಶಕ್ತಿಮಾನ್. 1959ರಿಂದ ಅದು ಸೇನೆಯ ಹೊರೆ ಹೊತ್ತಿತು. ಜೋಂಗಾ ಅನ್ನೋದು ಜಬಲ್ಪುರದ ಆರ್ಡ್‌ನೆನ್ಸ್ ಮತ್ತು ಗನ್ ಕ್ಯಾರೇಜ್ ಕಾರ್ಖಾನೆಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನ ಸೇರಿಸಿ ಇಟ್ಟ ಹೆಸರು. ಜಪಾನಿನ ನಿಸಾನ್ ಪ್ಯಾಟ್ರೋಲ್ ಎಂಬ ಜೀಪೇ ಅದರ ಮೂಲ. ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರ್‌ನ ಪೆಟ್ರೋಲ್ ಎಂಜಿನ್ ಅದಕ್ಕೆ. ಕ್ರಿಕೆಟಿಗ ಧೋನಿ 2019ರಲ್ಲಿ ಒಂದು ಜೋಂಗಾ ಕೊಂಡ ಸುದ್ದಿ ಬಂದ ಮೇಲೆ ಈ ಹೆಸರು ಹೊಸ ಹುಡುಗರ ಬಾಯಲ್ಲೂ ಓಡಾಡ್ತಿದೆ.

ಇವುಗಳ ಗುಣ ಒಪ್ಪಿಕೊಳ್ಳಲೇಬೇಕು. ಗಟ್ಟಿ ಚಾಸಿ, ಲೀಫ್ ಸ್ಪ್ರಿಂಗ್, ಫೋರ್ ವೀಲ್, ಅದರ ಜೊತೆಗೆ ಲೋ ಗೇರು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕೆಟ್ಟು ನಿಂತ್ರೆ ಲ್ಯಾಪ್‌ಟಾಪ್ ಹಿಡಿದವರನ್ನ ಕರೆಯೋ ಹಾಗಿಲ್ಲ, ಸ್ಪ್ಯಾನರ್ ಹಿಡಿಯಲು ಬರೋ ಮೇಸ್ತ್ರಿ ಸಾಕು. ಒಂದು ಗಾಡಿಯನ್ನ ಪೂರ್ತಿ ಬಿಚ್ಚಿ ಜೋಡಿಸೋದನ್ನ ಕಲಿತ ಹುಡುಗ ನಾಳೆ ಪಂಪು, ಟಿಲ್ಲರ್, ಪಲ್ಪರ್ ಯಾವುದಕ್ಕೂ ಹೆದರಲ್ಲ. ಈ ಲಾಭವನ್ನ ನಾನು ಕಮ್ಮಿ ಅಂತ ಹೇಳಲ್ಲ.

ಕೆಲಸಕ್ಕೆ ಅಂದ್ರೆ ಲೆಕ್ಕ ಹೀಗಿದೆ

ಜೋಂಗಾದ ಮೂಲ ಪೆಟ್ರೋಲ್ ಎಂಜಿನ್ ಲೀಟರಿಗೆ ನಾಲ್ಕೈದು ಕಿ.ಮೀ. ಕೊಟ್ರೆ ಅದೇ ದೊಡ್ಡದು. ಲೀಟರ್ ಪೆಟ್ರೋಲಿಗೆ 100 ರೂಪಾಯಿ ಅಂತಲೇ ಇಟ್ಕೊಳ್ಳಿ. ತೋಟದಿಂದ ಪೇಟೆಗೆ ಹೋಗಿ ಬರೋಕೆ 20 ಕಿ.ಮೀ. ಅಂದ್ರೆ 400ರಿಂದ 500 ರೂಪಾಯಿ ಟ್ಯಾಂಕಿನಿಂದಲೇ ಹೋಯ್ತು. ನಾಲ್ಕು ಮೂಟೆ ಗೊಬ್ಬರ ತರೋಕೆ ಇದು ಬೇಕಾ?

ಅದೇ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್, ಟ್ರೇಲರ್ ಸಿಕ್ಕರೆ ಅದು ಹೊಲವನ್ನೂ ಉಳುತ್ತೆ, ಮೂಟೆಯನ್ನೂ ಹೊರುತ್ತೆ. ವರ್ಷಕ್ಕೆ ಹತ್ತಿಪ್ಪತ್ತು ದಿನದ ಕೆಲಸ ಅಂದ್ರೆ ಬಾಡಿಗೆಗೆ ತರೋದೇ ಲಾಭ. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು ಇರೋದೇ ಅದಕ್ಕೆ. ಟಿಲ್ಲರ್, ಟ್ರ್ಯಾಕ್ಟರಿಗೆ ಸಹಾಯಧನ ಉಂಟು, ಹಳೇ ಮಿಲಿಟರಿ ಗಾಡಿಗೆ ಇಲ್ಲ. ಬೆಳೆ ಸಾಲದ ದುಡ್ಡನ್ನ ಇದಕ್ಕೆ ತಿರುಗಿಸೋದಂತೂ ಬೇಡವೇ ಬೇಡ. ಗಾಡಿ ಗ್ಯಾರೇಜಲ್ಲಿ ನಿಂತಿದೆ ಅಂತ ಬ್ಯಾಂಕಿನವರು ಬಡ್ಡಿ ನಿಲ್ಲಿಸಲ್ಲ.

ಹಾಗಾದ್ರೆ ಕೆಲಸಕ್ಕೆ ಬರೋದೇ ಇಲ್ವಾ? ಬರುತ್ತೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಜಾರುವ ಕಡಿದಾದ ದಾರಿ ನಿಮ್ಮದಾಗಿದ್ರೆ, ಆ ದಾರಿಯಲ್ಲಿ ದಿನಾ ಓಡಾಟ ಇದ್ರೆ, ಮನೆಯಲ್ಲಿ ಗಾಡಿ ಬಿಚ್ಚಿ ಕಟ್ಟೋಕೆ ಬರೋರು ಒಬ್ಬರಿದ್ರೆ ಬರುತ್ತೆ. ಈ ಮೂರರಲ್ಲಿ ಒಂದು ಇಲ್ದಿದ್ರೂ ಅದು ಕೆಲಸದ ಗಾಡಿ ಅಲ್ಲ, ಶೋಕಿ ಗಾಡಿ. ಶೋಕಿ ಅಂತ ಒಪ್ಪಿಕೊಂಡು ಕೊಳ್ಳಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಶೋಕಿಗೆ ಅಂದ್ರೆ ಕಾನೂನು ಹೀಗಿದೆ

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿರ್ಬೇಕು, ಮೂಲ ರೂಪದಲ್ಲೇ ಇರ್ಬೇಕು, ವ್ಯಾಪಾರಕ್ಕೆ ಬಳಸಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ, 10 ವರ್ಷದ ಅವಧಿ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರ ಆದ ಮೇಲೆ "ವಿಎ" ಅಂತ ಬರುತ್ತೆ.

ಕೇಳೋಕೆ ಚೆನ್ನಾಗಿದೆ. ಆದ್ರೆ ಇದರಲ್ಲಿ ನೋಂದಾಯಿಸಿದ ಗಾಡಿ ದಿನಾ ರಸ್ತೆಗೆ ಇಳಿಯೋ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಹಾಕಿಸೋದು, ರಿಪೇರಿ, ಇಷ್ಟಕ್ಕೆ ಮಾತ್ರ. ಗೊಬ್ಬರ ತರೋದು, ಕಾಫಿ ಮೂಟೆ ಕ್ಯೂರಿಂಗಿಗೆ ಒಯ್ಯೋದು ಈ ಪಟ್ಟಿಯಲ್ಲಿ ಇಲ್ಲ. ಇನ್ನೊಂದು ವಿಷ್ಯ: ಈ ನಿಯಮ ಇರೋದು ದ್ವಿಚಕ್ರ ವಾಹನಕ್ಕೆ ಮತ್ತು ಜನ ಕೂರುವ ನಾಲ್ಕು ಚಕ್ರದ ಗಾಡಿಗೆ. ಶಕ್ತಿಮಾನ್ ತರದ ಸರಕು ಲಾರಿ ಇದರೊಳಗೆ ಬರಲ್ಲ.

ಹಾಗಾಗಿ ಓಡಿಸಬೇಕು ಅನ್ನೋರು ಮಾಮೂಲಿ ನೋಂದಣಿಯಲ್ಲೇ ಇರ್ಬೇಕು. ಖಾಸಗಿ ಗಾಡಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನವೀಕರಣ. ಕಾರು, ಜೀಪಿಗೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲಿನಿಂದ 5,000 ಆಯ್ತು. 2025ರಲ್ಲಿ 20 ವರ್ಷ ದಾಟಿದವಕ್ಕೆ 10,000 ಆಯ್ತು. ಅದರ ಮೇಲೆ ಹಸಿರು ತೆರಿಗೆ, ವಿಮೆ, ಪರೀಕ್ಷೆ.

ಬಣ್ಣದ ವಿಷ್ಯ ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವ ಗಾಡಿಗೂ ಆಲಿವ್ ಹಸಿರು ಬಳಿಯೋ ಹಾಗಿಲ್ಲ. ವಿಡಿಯೊದಲ್ಲಿ ನಿಮ್ಮ ಕಣ್ಣು ಕುಕ್ಕಿದ್ದು ಅದೇ ಬಣ್ಣ! ಸೇನೆಯ ಬಾಣದ ಗುರುತು, ನಕ್ಷತ್ರದ ಫಲಕ ಇವನ್ನ ಹಾಕಿಕೊಂಡು ತಿರುಗೋದಂತೂ ಕೇಸು ಕೇಳಿ ತಂದುಕೊಂಡಂಗೆ.

ಕಾಗದ ಇಲ್ಲದ ಗಾಡಿ ಗುಜರಿಗೆ ಸಮ

ಸೇನೆಯ ಗಾಡಿಗೆ ಸೇನೆಯದ್ದೇ ನೋಂದಣಿ. ಅದು ಹರಾಜಾಗಿ ಹೊರಗೆ ಬಂದ ಮೇಲೆ ಕೊಂಡವರು ಆರ್‌ಟಿಒದಲ್ಲಿ ಹೊಸದಾಗಿ ನೋಂದಾಯಿಸಬೇಕು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 60 ಇದನ್ನೇ ಹೇಳುತ್ತೆ. ಹಾಗಾಗಿ ಮಾರುವವರ ಹತ್ರ ಬರೀ ಹರಾಜಿನ ಚೀಟಿ ಇದ್ರೆ ಅದು ಕೊಂಡಿದ್ದಕ್ಕೆ ಸಾಕ್ಷಿ ಅಷ್ಟೇ, ಓಡಿಸೋಕೆ ಪರವಾನಗಿ ಅಲ್ಲ. ಆರ್‌ಸಿ ಬೇಕೇ ಬೇಕು.

ಇನ್ನು "ಮೊನ್ನೆ ತಾನೇ ಆರ್ಮಿ ಹರಾಜಿನಲ್ಲಿ ಬಂದಿದ್ದು" ಅನ್ನೋ ಮಾತು. 2023ರ ಏಪ್ರಿಲಿನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವೇ ನಿಂತಿದೆ, ಅವನ್ನ ಗುಜರಿ ಕೇಂದ್ರಕ್ಕೆ ಕಳಿಸಬೇಕು ಅನ್ನೋದು ನಿಯಮ. ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ಕಾರ್ಯಾಚರಣೆಗೆ ಬಳಸೋ ವಿಶೇಷ ಗಾಡಿಗಳಿಗೆ ಮಾತ್ರ ವಿನಾಯಿತಿ. ಮೊನ್ನೆ ಬಂದಿದ್ದು ಅಂದೋರ ಹತ್ರ ಕಾಗದದ ಮೇಲಿನ ತಾರೀಕು ಕೇಳಿ.

ಪರೀಕ್ಷೆ ಮಾಡೋದು ನಿಮ್ಮ ಕೈಯಲ್ಲೇ ಇದೆ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ. ಅಲ್ಲಿ ಬರೋ ಮಾಡೆಲ್, ಇಂಧನ, ವರ್ಷ ಕಣ್ಣೆದುರು ಇರೋ ಗಾಡಿಗೆ ಹೊಂದುತ್ತಾ ನೋಡಿ. ಆಮೇಲೆ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ್ರೆ ಅದು ಆರ್‌ಸಿಯಲ್ಲಿ ಬರೆದಿರ್ಬೇಕು. ಆರ್‌ಟಿಒ ಒಪ್ಪಿಗೆ ಇಲ್ಲದೆ ಎಂಜಿನ್ ಬದಲಿಸೋದು ಸೆಕ್ಷನ್ 52ರ ಉಲ್ಲಂಘನೆ. ಹರಿಯಾಣದ ಡಬ್ವಾಲಿಯಂತಹ ಊರುಗಳು ತೆರೆದ ಜೀಪು ಕಟ್ಟೋದಕ್ಕೇ ಹೆಸರುವಾಸಿ. ಎಲ್ಲಿ ಕಟ್ಟಿದ್ದೇ ಆಗ್ಲಿ, ಬೇರೆ ರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, 12 ತಿಂಗಳೊಳಗೆ ಕರ್ನಾಟಕದ ನಂಬರ್ ಹಾಕಿಸಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಆ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಇನ್ನೊಂದು ಎಚ್ಚರ. "ನಾನು ಸೈನಿಕ, ವರ್ಗಾವಣೆ ಆಗಿದೆ, ಗಾಡಿ ಕಡಿಮೆಗೆ ಕೊಡ್ತೀನಿ" ಅಂತ ಐಡಿ ಕಾರ್ಡಿನ ಫೋಟೊ ಕಳಿಸಿ, ಸಾಗಾಣಿಕೆಗೆ ಮುಂಗಡ ಹಾಕಿ ಅನ್ನೋ ಮೋಸ ಆನ್‌ಲೈನ್‌ನಲ್ಲಿ ಹಳೇದು. ಗಾಡಿ ಮುಟ್ಟಿ ನೋಡದೆ ಒಂದು ರೂಪಾಯಿಯನ್ನೂ ಹಾಕ್ಬೇಡಿ. ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ನಿಜವಾದ ಅಪಾಯ ಇರೋದು ಹಿಂದಿನ ಸೀಟಿನಲ್ಲಿ

ಇಷ್ಟೆಲ್ಲ ಹೇಳಿದ್ರೂ "ನಮ್ಮ ಬೇಲಿಯೊಳಗೆ ತಾನೇ ಓಡಿಸೋದು, ಯಾರು ಕೇಳ್ತಾರೆ" ಅನ್ನೋರಿದ್ದಾರೆ. ಕಾಯ್ದೆಯ ಸೆಕ್ಷನ್ 39 ಸಾರ್ವಜನಿಕ ಜಾಗದ ಜೊತೆಗೆ "ಬೇರೆ ಯಾವುದೇ ಸ್ಥಳ" ಅಂತಲೂ ಸೇರಿಸಿದೆ. ಅಲ್ಲದೆ ನಮ್ಮ ತೋಟಗಳು ಒಂದೇ ತುಂಡಾಗಿ ಎಲ್ಲಿವೆ? ನಡುವೆ ಪಂಚಾಯ್ತಿ ರಸ್ತೆ ಹಾದುಹೋಗಿರುತ್ತೆ.

ಕೊಯ್ಲಿನ ಕಾಲ ಬಂದ್ರೆ ಅದೇ ಗಾಡಿಯ ಹಿಂದೆ ಹತ್ತು ಹನ್ನೆರಡು ಜನ ಕೂಲಿಯವರನ್ನ ನಿಲ್ಲಿಸಿಕೊಂಡು ಹೋಗೋದು ಶುರುವಾಗುತ್ತೆ. ಇದು ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ. ನೋಂದಣಿ ಇಲ್ಲದ ಗಾಡಿಗೆ ವಿಮೆ ಇಲ್ಲ. ಬರೀ ಥರ್ಡ್ ಪಾರ್ಟಿ ವಿಮೆ ಇದ್ರೆ ಖಾಸಗಿ ಜೀಪಿನ ಒಳಗೆ ಕೂತವರಿಗೆ ಅದು ಸಾಮಾನ್ಯವಾಗಿ ಅನ್ವಯಿಸಲ್ಲ. ಸರಕು ಗಾಡಿಯಲ್ಲಿ ಪ್ರಯಾಣಿಕರಂತೆ ಹತ್ತಿದವರ ಕತೆಯೂ ಹಾಗೇ. ಗಾಡಿ ಮಗುಚಿದ್ರೆ ನ್ಯಾಯಮಂಡಳಿ ಹೇಳಿದ ಪರಿಹಾರವನ್ನ ಮಾಲೀಕರೇ ಕಟ್ಟಬೇಕು, ಜಮೀನು ಜಪ್ತಿಯವರೆಗೂ ಹೋಗಬಹುದು. ದುಡ್ಡಿನ ಮಾತು ಪಕ್ಕಕ್ಕಿಡಿ, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಿಮ್ಮನ್ನ ನಂಬಿ ಹತ್ತಿದವರು ಅವರು. ಹೋಮ್‌ಸ್ಟೇಗೆ ಬಂದವರಿಂದ ದುಡ್ಡು ತಗೊಂಡು ಬಿಳಿ ಬೋರ್ಡಿನ ಜೀಪಲ್ಲಿ ಗುಡ್ಡ ತೋರಿಸೋರಿಗೂ ಇದೇ ಮಾತು. ಬಾಡಿಗೆಗೆ ಅಂದ ಮೇಲೆ ಹಳದಿ ಬೋರ್ಡ್, ಪರ್ಮಿಟ್ ಬೇಕು.

ಕೊಂಡೇ ಕೊಳ್ತೀನಿ ಅನ್ನೋರಿಗೆ

- ಬಣ್ಣದ ಮೇಲೆ ಕೈ ಆಡಿಸಬೇಡಿ, ಅಡಿಗೆ ಮಲಗಿ ಟಾರ್ಚ್ ಹಾಕಿ. ಚಾಸಿಯ ತುಕ್ಕು, ವೆಲ್ಡಿಂಗ್ ತೇಪೆ, ಪುಟ್ಟಿ ತುಂಬಿದ ತೂತು ಅಲ್ಲೇ ಕಾಣೋದು.
- ಇವುಗಳಲ್ಲಿ ಬಹುಪಾಲು ಡ್ರಮ್ ಬ್ರೇಕು, ಪವರ್ ಸ್ಟೀರಿಂಗ್ ಇಲ್ಲ. ಹಳ್ಳ ದಾಟಿದ ಮೇಲೆ ನೆನೆದ ಬ್ರೇಕು ಹಿಡಿಯಲ್ಲ. ಒಣಗೋವರೆಗೆ ಮೆಲ್ಲಗೆ ಒತ್ತುತ್ತಾ ಹೋಗಿ. ಇಳಿಜಾರಿನಲ್ಲಿ ಲೋ ಗೇರಿಗೆ ಹಾಕಿ, ನ್ಯೂಟ್ರಲ್ ಮಾಡ್ಬೇಡಿ.
- ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಬೇಡಿ. ಮುಂದಿನ, ಹಿಂದಿನ ಚಕ್ರ ಒಂದಕ್ಕೊಂದು ಎಳೆದಾಡಿ ಗೇರ್ ಬಾಕ್ಸಿನ ಮೇಲೆ ಬೀಳುತ್ತೆ.
- ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಅದಕ್ಕೆ ತಡೆಯಲ್ಲ. ಮೊದಲು ಅವನ್ನ ಬದಲಿಸಿ. ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿಸಿ ನಿಲ್ಲಿಸಬೇಡಿ.
- ಹಳೇ ಬ್ರೇಕ್ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ಬಿಚ್ಚಿದಾಗ ಧೂಳನ್ನ ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.
- ಶಕ್ತಿಮಾನ್ ತರದ ಲಾರಿಗೆ ಕಾರಿನ ಲೈಸೆನ್ಸ್ ಸಾಲದು. 7,500 ಕೆ.ಜಿ. ಒಟ್ಟು ತೂಕ ದಾಟಿದ ಗಾಡಿಗೆ ದೊಡ್ಡ ಗಾಡಿಯ ಲೈಸೆನ್ಸೇ ಬೇಕು.
- ಕೊಂಡ ಬೆಲೆಯ ಜೊತೆಗೆ ರಿಪೇರಿಗೂ ದುಡ್ಡು ಎತ್ತಿಟ್ಟಿರಿ. ಕಾರ್ಖಾನೆ ನಿಲ್ಲಿಸಿದ ಗಾಡಿಗೆ ಬಿಡಿಭಾಗ ಹುಡುಕೋದೇ ಅರ್ಧ ಕೆಲಸ.

ಕೊಡಗು ಜನರಲ್ ಕಾರ್ಯಪ್ಪ, ತಿಮ್ಮಯ್ಯ ಅವರನ್ನ ಕೊಟ್ಟ ನಾಡು. ಸೇನೆಯ ಗಾಡಿ ಕಂಡ್ರೆ ಅಲ್ಲಿನ ಮನೆಗಳಲ್ಲಿ ಹೆಮ್ಮೆ ಉಕ್ಕೋದು ಸಹಜ. ಆ ಹೆಮ್ಮೆಗೆ ಬೆಲೆ ಕೊಡೋದಾದ್ರೆ ಗಾಡಿಯನ್ನೂ ಸೇನೆಯವರ ಶಿಸ್ತಿನಲ್ಲೇ ಇಟ್ಕೊಳ್ಳಿ: ಕಾಗದ ಸರಿ, ಬ್ರೇಕು ಸರಿ, ಹೊರೆ ಮಿತಿಯಲ್ಲಿ. ಅದು ಆಗಲ್ಲ ಅನ್ನಿಸಿದ್ರೆ ವಿಡಿಯೊ ನೋಡಿ ಖುಷಿಪಡಿ, ದುಡ್ಡನ್ನ ತೋಟಕ್ಕೆ ಹಾಕಿ. ಹಸಿರು ಬಣ್ಣ ಅಲ್ಲೂ ಬೇಕಾದಷ್ಟಿದೆ, ಅದಕ್ಕೆ ಆರ್‌ಟಿಒ ತಕರಾರೂ ಇಲ್ಲ.