ನಮ್ಮ ಚಟ್ನಿಪುಡಿಗೆ ಹೆಸರಿಡುವವರು ಯಾರು?

ಹಬ್ಬದ ವರದಿ, ಪಿಕ್‌ನಿಕ್ ಫೋಟೋ, ಮಕ್ಕಳ ಚಿತ್ರಗಳ ನಡುವೆ ಈ ಸಲ ಒಂದು ಜಗಳಕ್ಕೂ ಸಂಪಾದಕರು ಎರಡು ಪುಟ ಬಿಟ್ಟುಕೊಟ್ಟಿದ್ದಾರೆ. ಜಗಳ ಗೂಗಲ್ ಜೊತೆಗಲ್ಲ, ಅಮೆಜಾನ್ ಜೊತೆಗೂ ಅಲ್ಲ. ನಮ್ಮ ನಮ್ಮಲ್ಲೇ.

2021ರ ಜೂನ್ ಮೊದಲ ವಾರ ನಿಮಗೆ ನೆನಪಿರಬೇಕು. ಭಾರತದ ಅತ್ಯಂತ ಕುರೂಪದ ಭಾಷೆ ಯಾವುದು ಎಂದು ಗೂಗಲ್‌ನಲ್ಲಿ ಕೇಳಿದರೆ ಕನ್ನಡ ಎಂದು ಉತ್ತರ ಬರುತ್ತಿತ್ತು. ಕಂಪನಿ ಕ್ಷಮೆ ಕೇಳಿ ಅದನ್ನು ತೆಗೆಯಿತು. ಆ ವಾರ ಮುಗಿಯುವುದರೊಳಗೆ ಅಮೆಜಾನಿನ ಕೆನಡಾ ಅಂಗಡಿಯಲ್ಲಿ ನಮ್ಮ ಹಳದಿ-ಕೆಂಪು ಬಣ್ಣ, ಗಂಡಭೇರುಂಡದ ಲಾಂಛನ ಹೊತ್ತ ಬಿಕಿನಿ ಕಾಣಿಸಿಕೊಂಡಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಮಾತಾಡಿದರು. ಇಲ್ಲಿ ಸನ್ನಿವೇಲ್‌ನಿಂದ ಫ್ರೀಮಾಂಟ್‌ವರೆಗೆ ವಾಟ್ಸಾಪ್ ಗುಂಪುಗಳು ಎರಡು ದಿನ ನಿದ್ದೆ ಮಾಡಲಿಲ್ಲ. ಸಿಟ್ಟು ಬರಬೇಕಾದದ್ದೇ. ಆದರೆ ಮೂರನೇ ದಿನ ಏನಾಯಿತು? ಎಲ್ಲರೂ ಉಂಡು ಮಲಗಿದರು. (ಕನ್ನಡ ಎಂದು ಹುಡುಕಿದರೆ "ಕೆನಡಾ ಎಂದಿರಾ?" ಎಂದು ತಿದ್ದುವ ಯಂತ್ರಗಳನ್ನು ನಾವೆಲ್ಲ ಕಂಡಿದ್ದೇವೆ. ಬಿಕಿನಿ ಕೆನಡಾದಲ್ಲೇ ಸಿಕ್ಕಿದ್ದು ವಿಚಿತ್ರವೇ ಸರಿ. ಇರಲಿ.)

ಆ ಎರಡು ಪ್ರಸಂಗಗಳಲ್ಲೂ ಯಾವನೋ ಕನ್ನಡದ್ವೇಷಿ ಕತ್ತಲೆಯಲ್ಲಿ ಕೂತು ಸಂಚು ಮಾಡಿದನೆಂದು ನನಗೆ ಅನ್ನಿಸುವುದಿಲ್ಲ. ಯಾವುದೋ ಪುಟದಲ್ಲಿ ಯಾರೋ ಗೀಚಿದ್ದನ್ನು ಯಂತ್ರ ಓದಿ ಗಿಣಿಯಂತೆ ಒಪ್ಪಿಸಿತು. ಯಾರೋ ವ್ಯಾಪಾರಿ ಸಿಕ್ಕ ಬಾವುಟವನ್ನು ಸಿಕ್ಕ ಬಟ್ಟೆಯ ಮೇಲೆ ಹಚ್ಚಿ ಪಟ್ಟಿಗೆ ಒಂದು ಸಾಲು ಸೇರಿಸಿದ. ಅಂದರೆ ನಮ್ಮ ಬಗ್ಗೆ ಬರೆಯುವ ಜಾಗ ಖಾಲಿ ಇತ್ತು, ಬೇರೆಯವರು ತುಂಬಿದರು. ಅವಮಾನವಾದಾಗ ನಮಗೆ ಬರುವ ರೋಷದ ನೂರರಲ್ಲೊಂದು ಪಾಲು ಆ ಜಾಗ ತುಂಬುವಾಗ ಯಾಕೆ ಬರುವುದಿಲ್ಲ ಎನ್ನುವುದೇ ನನ್ನ ತಕರಾರು.

ಆನ್‌ಲೈನ್ ಅಂಗಡಿಯ ಒಳಗುಟ್ಟು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಅದೇ ಕೆಲಸದ ಸಂಬಳ ತಿನ್ನುವವರು. ಮಿಕ್ಕವರಿಗಾಗಿ, ಊರಿನಿಂದ ಬಂದಿರುವ ಅಪ್ಪ-ಅಮ್ಮಂದಿರಿಗಾಗಿ ಹೇಳುತ್ತೇನೆ. ಅಂಗಡಿಯವನು ತನ್ನಲ್ಲಿರುವ ಸರಕನ್ನೆಲ್ಲ ಒಂದು ಉದ್ದನೆಯ ಪಟ್ಟಿ ಮಾಡಿ ಕಳಿಸುತ್ತಾನೆ. ಅದಕ್ಕೆ ಫೀಡ್ ಎನ್ನುತ್ತಾರೆ. ಒಂದು ಸರಕಿಗೆ ಒಂದು ಸಾಲು. ಹೆಸರು, ವಿವರಣೆ, ಬೆಲೆ, ಚಿತ್ರ, ತಯಾರಕರು, ಬಾರ್‌ಕೋಡ್ ಸಂಖ್ಯೆ, ಯಾವ ವರ್ಗಕ್ಕೆ ಸೇರಿದ್ದು ಎಂದು ಒಂದೊಂದಕ್ಕೂ ಒಂದೊಂದು ಕಾಲಂ. ಗೂಗಲ್‌ನವರು 2002ರಲ್ಲಿ ಫ್ರೂಗಲ್ ಎಂಬ ಹೆಸರಿನಲ್ಲಿ ಶುರುಮಾಡಿದ ಶಾಪಿಂಗ್ ಹುಡುಕಾಟ ಇವತ್ತಿಗೂ ಇಂಥ ಪಟ್ಟಿಗಳನ್ನೇ ನಂಬಿದೆ. 2020ರಿಂದ ಅಮೆರಿಕದಲ್ಲಿ ದುಡ್ಡು ಕೊಡದೆಯೂ ಅಲ್ಲಿ ಸರಕು ತೋರಿಸಬಹುದು. ಹೆಸರಿನ ಕಾಲಂ 150 ಅಕ್ಷರ ಹಿಡಿಯುತ್ತದೆ, ವಿವರಣೆಯದು 5000. ಕೊಳ್ಳುವವರ ಕಣ್ಣಿಗೆ ಬೀಳುವುದು ಹೆಸರಿನ ಮೊದಲ 70 ಅಕ್ಷರ ಆದರೆ ಹೆಚ್ಚು. ಈ ಬೀದಿಯಲ್ಲಿ ಅಂಗಡಿಯ ಬೋರ್ಡು ಎಂದರೆ ಅಷ್ಟೇ.

ಆ 70 ಅಕ್ಷರಗಳಲ್ಲಿ ನಮ್ಮವರು ಏನು ಬರೆಯುತ್ತಾರೆ? "ಅಥೆಂಟಿಕ್ ಹೋಮ್‌ಮೇಡ್ ಟ್ರೆಡಿಷನಲ್ ಸೌತ್ ಇಂಡಿಯನ್ ಪುಡಿ, ಬೆಸ್ಟ್ ಕ್ವಾಲಿಟಿ." ಬೋರ್ಡು ತುಂಬಿತು, ಡಬ್ಬಿಯೊಳಗೆ ಏನಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಡಿಸೆಂಬರ್ ಬಂದರೆ ನಮಗೆ ಅವರೆಕಾಳಿನ ಆಸೆ. ಸಾರು, ಹಿತಕಿದ ಬೇಳೆ, ಉಪ್ಪಿಟ್ಟು. ಈ ಊರಿನಲ್ಲಿ ಎಷ್ಟೋ ವರ್ಷಗಳಿಂದ ನಾವು ಫ್ರೀಜರ್‌ನಿಂದ ಎತ್ತಿಕೊಳ್ಳುವ ಪೊಟ್ಟಣದ ಮೇಲೆ ಏನಿದೆ ನೋಡಿ: ಸುರತಿ ಪಾಪಡಿ ಲಿಲ್ವಾ. ಗುಜರಾತಿಗಳು ತಮ್ಮ ಕಾಳಿಗೆ ತಮ್ಮ ಊರಿನ ಹೆಸರನ್ನೇ ಕೊಟ್ಟರು, ಎಲ್ಲ ಪಟ್ಟಿಗಳಲ್ಲೂ ಅದನ್ನೇ ಬರೆದರು, ಈಗ ಕನ್ನಡದ ಹುಡುಗಿಯೂ ಅಂಗಡಿಯಲ್ಲಿ "ಲಿಲ್ವಾ ಇದೆಯಾ?" ಎಂದು ಕೇಳುತ್ತಾಳೆ. ನನಗೆ ಅವರ ಮೇಲೆ ಕೋಪವಿಲ್ಲ, ಹೊಟ್ಟೆಕಿಚ್ಚು ಮಾತ್ರ ಇದೆ. ನಾವೋ, ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದರೂ ಅದನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆಯುತ್ತೇವೆ. ಒಬ್ಬರ ಬ್ಯಾಡಗಿ ಇನ್ನೊಬ್ಬರ ಬೆಡಗಿ. ಬಣ್ಣ ಜಾಸ್ತಿ ಖಾರ ಕಮ್ಮಿ ಎಂಬ ಅದರ ಗುಣವನ್ನು ಯಾವ ಕಾಲಂನಲ್ಲೂ ಹೇಳುವುದಿಲ್ಲ. ಆಮೇಲೆ ಜನ ಕಾಶ್ಮೀರಿ ಮೆಣಸಿನಕಾಯಿ ಕೊಳ್ಳುತ್ತಾರೆ ಎಂದು ಕೊರಗುತ್ತೇವೆ.

ಸೀರೆಯ ಕಥೆಯನ್ನು ಉದ್ದ ಮಾಡುವುದಿಲ್ಲ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರು ರೇಷ್ಮೆ ಕಾರ್ಖಾನೆಯ ಹೆಸರನ್ನು ಶೀರ್ಷಿಕೆಯಲ್ಲಿ ಹೊತ್ತು, ಬಟ್ಟೆಯ ಕಾಲಂನಲ್ಲಿ ಮೆಲ್ಲಗೆ "ಆರ್ಟ್ ಸಿಲ್ಕ್" ಎಂದು ಬರೆದ ಎಷ್ಟು ಸೀರೆಗಳು ಬೇಕು ನಿಮಗೆ? ಆರ್ಟ್ ಎಂದರೆ ಕಲೆಯಲ್ಲ ಸ್ವಾಮಿ, ಆರ್ಟಿಫಿಶಿಯಲ್ ಎಂಬುದರ ಮೊಟಕು.

ಪುಸ್ತಕಗಳದು ಇನ್ನೂ ಬೇಸರದ ಕಥೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಲ್ಲಿಯೂ ಹಳ್ಳಿಯೂ ಒಂದೇ, ಮನೆಯೂ ಮಣೆಯೂ ಒಂದೇ. ಕಾರಂತರು ಒಂದು ಅಂಗಡಿಯಲ್ಲಿ ಶಿವರಾಮ, ಇನ್ನೊಂದರಲ್ಲಿ ಶಿವರಾಮ್, ಮೂರನೆಯದರಲ್ಲಿ ಬರೀ ಕೆ.ಎಸ್. ಕುವೆಂಪು ಒಂದು ಕಡೆ ಕುವೆಂಪು, ಒಂದು ಕಡೆ ಪುಟ್ಟಪ್ಪ. ಯಂತ್ರದ ಲೆಕ್ಕದಲ್ಲಿ ಇವರೆಲ್ಲ ಬೇರೆ ಬೇರೆ ಜನ. ಭಾಷೆ ಎಂಬ ಕಾಲಂನಲ್ಲಿ "ಇಂಗ್ಲಿಷ್" ಎಂದೇ ಬಿಟ್ಟಿದ್ದ ಅಪ್ಪಟ ಕನ್ನಡ ಕಾದಂಬರಿಯನ್ನು ನಾನೇ ನೋಡಿದ್ದೇನೆ. ಆ ಕಾಲಂನಲ್ಲಿ ಮೊದಲೇ ಇದ್ದದ್ದನ್ನು ಬದಲಿಸುವ ಒಂದು ಕ್ಲಿಕ್ಕಿನ ಶ್ರಮವನ್ನೂ ಅಂಗಡಿಯವರು ಪಟ್ಟಿರಲಿಲ್ಲ. ಇದೇ ಕೆಲಸವನ್ನು ಲೈಬ್ರರಿ ಆಫ್ ಕಾಂಗ್ರೆಸ್‌ನವರು ಹೇಗೆ ಮಾಡುತ್ತಾರೆ ನೋಡಿ. 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು ನಮ್ಮ ಭಾಷೆಗಳ ಪುಸ್ತಕ ಕೊಳ್ಳುತ್ತಾ ಬಂದಿದ್ದಾರೆ. ಅವರ ಕ್ಯಾಟಲಾಗ್ ನಿಯಮದಲ್ಲಿ ಳ-ಕಾರಕ್ಕೆ ಕೆಳಗೊಂದು ಚುಕ್ಕೆ ಉಂಟು. ಕನ್ನಡ ಮನೆಮಾತಲ್ಲದ ಗ್ರಂಥಪಾಲಕರು ಇಡುವ ಆ ಚುಕ್ಕೆಯನ್ನು ಕನ್ನಡ ಮಾರಿ ಬದುಕುವವರು ಇಡುವುದಿಲ್ಲ.

ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ ಎಂಬ ನೆಪ ಹಳೆಯದಾಯಿತು. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗವಿತ್ತು. 1998ರಲ್ಲಿ ಬರಹ ತಂತ್ರಾಂಶ ಬಂತು. ಬೆಂಗಳೂರಿನ ಫ್ಲಿಪ್‌ಕಾರ್ಟ್, ಸಿಯಾಟಲ್‌ನ ಅಮೆಜಾನ್, ಎರಡೂ ತಮ್ಮ ಭಾರತದ ಅಂಗಡಿಗೆ 2020ರಲ್ಲಿ ಕನ್ನಡದ ಮುಖ ಕೊಟ್ಟವು. ಭಾರತದಲ್ಲಿ ಪ್ರಕಾಶಕರಿಗೆ ಐಎಸ್‌ಬಿಎನ್ ಸಂಖ್ಯೆ ಪುಕ್ಕಟೆ ಸಿಗುತ್ತದೆ. ಅನ್ಯಾಯವೇ ಆಗಿಲ್ಲ ಎನ್ನುತ್ತಿಲ್ಲ. 2016ರ ಡಿಸೆಂಬರಿನಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದಾಗ ಕನ್ನಡವನ್ನು ಹೊರಗೆ ನಿಲ್ಲಿಸಿದ್ದರು. ಅದಕ್ಕೆ ಕೂಗಾಡಬೇಕಾದದ್ದೇ. ಆದರೆ ಬಾಗಿಲು ತೆರೆದಿರುವ ಕಡೆಯೂ ನಾವು ಒಳಗೆ ಹೋಗಿ ಹೆಸರು ಬರೆಸದಿದ್ದರೆ ಯಾರನ್ನು ಬೈಯೋಣ?

ಪುಸ್ತಕ ಸಿಗದಿದ್ದರೆ ಯಾರ ಜೀವವೂ ಹೋಗುವುದಿಲ್ಲ. ಚಟ್ನಿಪುಡಿಯ ವಿಷಯ ಹಾಗಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಮನೆಯ ಅಡುಗೆಮನೆಯಲ್ಲೇ ಮಾಡಿದ ಕೆಲವು ತಿಂಡಿ-ಪುಡಿಗಳನ್ನು, ಕೌಂಟಿಯವರ ಅಪ್ಪಣೆ ಪಡೆದು, ಮಾರಬಹುದು. ನಮ್ಮ ಎಷ್ಟೋ ತಾಯಂದಿರಿಗೆ ಇದೊಂದು ವರ. ಆ ಕಾನೂನೇ ಹೇಳುತ್ತದೆ: ಏನೇನು ಹಾಕಿದ್ದೀರೋ ಅದನ್ನೆಲ್ಲ ತೂಕದ ಇಳಿಕ್ರಮದಲ್ಲಿ ಬರೆಯಿರಿ, ಅಲರ್ಜಿ ತರುವ ಪದಾರ್ಥವನ್ನು ಬಿಡಿಸಿ ಹೇಳಿ. 2004ರ ಫೆಡರಲ್ ಕಾಯಿದೆಯಲ್ಲಿ ಅಂಥವು ಎಂಟು: ಹಾಲು, ಮೊಟ್ಟೆ, ಮೀನು, ಸಿಗಡಿಯ ಜಾತಿ, ಗೋಡಂಬಿ-ಬಾದಾಮಿಯ ಜಾತಿ, ಕಡಲೆಕಾಯಿ, ಗೋಧಿ, ಸೋಯಾ. 2023ರ ಜನವರಿ 1ರಿಂದ ಒಂಬತ್ತನೆಯದಾಗಿ ಎಳ್ಳು ಸೇರಿತು. ಈಗ ನಮ್ಮ ಡಬ್ಬಿ ನೋಡೋಣ. ಶೇಂಗಾ ಹಿಂಡಿ ಎಂದು ಬರೆದವರು ಪೀನಟ್ ಎಂಬ ಮಾತನ್ನೇ ಎಲ್ಲೂ ಎತ್ತಿರುವುದಿಲ್ಲ. ಕಡಲೆ ಎಂದರೆ ಕಡಲೆಬೇಳೆಯೋ, ಹುರಿಗಡಲೆಯೋ, ಕಡಲೆಬೀಜವೋ? ಮೂರನ್ನೂ ಗ್ರಾಮ್ ಎಂದು ಬರೆದ ಪುಟ ನೋಡಿದ್ದೇನೆ. ಹುಚ್ಚೆಳ್ಳು, ಉತ್ತರ ಕರ್ನಾಟಕದ ಗುರೆಳ್ಳು, ಎಳ್ಳಿನ ಜಾತಿಯೇ ಅಲ್ಲ. ಇಂಗ್ಲಿಷಿನಲ್ಲಿ ಅದು ನೈಜರ್ ಸೀಡ್. ಅದನ್ನು ಕಪ್ಪು ಎಳ್ಳು ಎಂದು ಬರೆದರೆ ತಿನ್ನಬಹುದಾದವರು ತಿನ್ನುವುದಿಲ್ಲ. ನಿಜವಾದ ಎಳ್ಳನ್ನು ಬರೆಯದೇ ಬಿಟ್ಟರೆ ತಿನ್ನಬಾರದವರು ತಿನ್ನುತ್ತಾರೆ. ಸಾರಿನ ಪುಡಿಗೆ "ಗ್ಲುಟನ್ ಫ್ರೀ" ಎಂದು ಟಿಕ್ ಮಾಡುವಾಗ ಅದರೊಳಗಿನ ಇಂಗಿನ ಡಬ್ಬಿಯ ಹಿಂಬದಿ ಓದಿದ್ದೀರಾ? ಅಂಗಡಿಯ ಕೂಟು ಇಂಗಿನಲ್ಲಿ ಎಷ್ಟೋ ಸಲ ಗೋಧಿಹಿಟ್ಟು ಇರುತ್ತದೆ.

ನಮ್ಮವರೊಬ್ಬರ ಪುಟದಲ್ಲಿ ಪದಾರ್ಥಗಳ ಕಾಲಂನಲ್ಲಿ ಬರೆದಿದ್ದು ಇಷ್ಟು: "ಮಸಾಲೆ, ಅಜ್ಜಿಯ ಪ್ರೀತಿ." ಓದುವುದಕ್ಕೆ ಸೊಗಸು. 2017ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಬೇಕರಿ ತನ್ನ ಗ್ರನೋಲದ ಪದಾರ್ಥಗಳಲ್ಲಿ ಪ್ರೀತಿಯನ್ನು ಸೇರಿಸಿತ್ತು. ಪ್ರೀತಿ ಆಹಾರ ಪದಾರ್ಥವಲ್ಲ ಎಂದು ಎಫ್‌ಡಿಎದವರು ಎಚ್ಚರಿಕೆಯ ಪತ್ರ ಬರೆದರು. ಜನ ನಕ್ಕರು. ನಾನು ಎಫ್‌ಡಿಎ ಪಕ್ಷ.

"ನಮ್ಮ ಪುಡಿ ಕೊಳ್ಳುವವರು ನಮ್ಮವರೇ, ಅವರಿಗೆಲ್ಲ ಗೊತ್ತಿರುತ್ತೆ ಬಿಡಿ" ಎನ್ನುತ್ತಾರೆ. ಯಾರಿಗೆ ಗೊತ್ತು? ಇಲ್ಲೇ ಹುಟ್ಟಿದ ನಿಮ್ಮ ಮಗಳಿಗೆ ಶೇಂಗಾ ಎಂದರೆ ಗೊತ್ತೇ? ಡೇವಿಸ್‌ನಲ್ಲಿ ಓದುತ್ತಿರುವ ಮಗನಿಗೆ ನೀವು ಆನ್‌ಲೈನ್‌ನಲ್ಲಿ ತರಿಸಿಕೊಟ್ಟ ಡಬ್ಬಿಯನ್ನು ಅವನ ರೂಮ್‌ಮೇಟ್ ಅನ್ನಕ್ಕೆ ಉದುರಿಸಿಕೊಳ್ಳುವುದಿಲ್ಲವೇ? ಓಹಾಯೋದಿಂದ ಬಂದ ಸೊಸೆ? ಬ್ಯಾಗಿನಲ್ಲಿ ಎಪಿಪೆನ್ ಇಟ್ಟುಕೊಂಡು ಓಡಾಡುವ ಮಕ್ಕಳು ಈ ಕೂಟದ ಕುಟುಂಬಗಳಲ್ಲೇ ಇದ್ದಾರೆ. ಅವರ ತಾಯಂದಿರು ರಾಜ್ಯೋತ್ಸವದ ಊಟದ ಸಾಲಿನಲ್ಲಿ ಒಂದೊಂದು ಪಾತ್ರೆಯ ಮುಂದೆಯೂ ನಿಂತು ಇದರಲ್ಲೇನಿದೆ ಎಂದು ಕೇಳುವಾಗ ಹಿಂದಿನವರು ಗೊಣಗುವುದನ್ನು ನಾನು ಕೇಳಿಸಿಕೊಂಡಿದ್ದೇನೆ.

ಇನ್ನು ಕೆಲವರ ವಾದ: ಈಗ ಇದನ್ನೆಲ್ಲ ಯಂತ್ರವೇ ಬರೆಯುತ್ತದಲ್ಲ, ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು? ನಾನೂ ಬರೆಸಿ ನೋಡಿದೆ. ಗುರೆಳ್ಳು ಚಟ್ನಿಪುಡಿ ಎಂದು ಕೊಟ್ಟರೆ ಮೂರು ಪ್ಯಾರಾ ಇಂಗ್ಲಿಷ್ ನೀರಿನಂತೆ ಹರಿಯಿತು, ಉತ್ತರ ಕರ್ನಾಟಕದ ಸೊಗಡೆಲ್ಲ ಬಂತು, ಮಧ್ಯದಲ್ಲಿ ಕಪ್ಪು ಎಳ್ಳೂ ಬಂತು. ಪಾಪ, ಅದಕ್ಕೇನು ಗೊತ್ತು? ಹಿಂದೆ ಯಾರೋ ತಪ್ಪಾಗಿ ತುಂಬಿದ ಕಾಲಂ ಓದಿ ಕಲಿತದ್ದು ಅದು. ನಾಳೆ ಇದನ್ನು ಓದಿ ಇನ್ನೊಂದು ಕಲಿಯುತ್ತದೆ. 2021ರ ಆ ಉತ್ತರ ಹುಟ್ಟಿದ್ದೂ ಇಂಥ ದಾರಿಯಲ್ಲೇ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನನ್ನನ್ನು ಯಾರೂ ಹಂಗಿಸಬಾರದಲ್ಲ, ಅದಕ್ಕೆ ಸಮಿತಿಯ ಮುಂದೆ ಬೇಡಿಕೆಯನ್ನೂ ಇಡುತ್ತೇನೆ. ಮುಂದಿನ ರಾಜ್ಯೋತ್ಸವದ ಮಳಿಗೆ ಅರ್ಜಿಯ ಜೊತೆ, ಮಾರುವ ಪ್ರತಿಯೊಂದು ವಸ್ತುವಿಗೂ ಒಂದು ಸಾಲು ಬರೆದು ಕೊಡಲಿ. ಕನ್ನಡದ ಹೆಸರು ಕನ್ನಡದಲ್ಲೇ, ಪಕ್ಕದಲ್ಲಿ ಇಂಗ್ಲಿಷಿನ ಹೆಸರು. ತಿನ್ನುವ ವಸ್ತುವಾದರೆ ಒಳಗಿರುವುದೆಲ್ಲ, ಪುಸ್ತಕವಾದರೆ ಲೇಖಕರು, ಪ್ರಕಾಶಕರು, ವರ್ಷ, ಸೀರೆಯಾದರೆ ನೂಲು ಯಾವುದೆಂಬ ನಿಜ. ಅದೇ ಸಾಲನ್ನು ಅವರು ತಮ್ಮ ಆನ್‌ಲೈನ್ ಅಂಗಡಿಗೂ ಹಾಕಿಕೊಳ್ಳಬಹುದು. ಬರೆಯಲು ಬರದವರಿಗೆ ಒಂದು ಶನಿವಾರ ಲೈಬ್ರರಿಯ ಕೋಣೆ ಹಿಡಿಯೋಣ. ನಮ್ಮ ಹೈಸ್ಕೂಲ್ ಮಕ್ಕಳಿಗೆ ಸಮಾಜಸೇವೆಯ ಗಂಟೆಗಳು ಹೇಗೂ ಬೇಕು. ಅಜ್ಜಿ ಹೇಳಲಿ, ಮೊಮ್ಮಗು ಟೈಪ್ ಮಾಡಲಿ. ಹುರಿಗಡಲೆಗೂ ಪುಟಾಣಿಗೂ ವ್ಯತ್ಯಾಸವಿಲ್ಲ, ಎಳ್ಳಿಗೂ ಹುಚ್ಚೆಳ್ಳಿಗೂ ಇದೆ ಎಂಬುದನ್ನು ಕನ್ನಡ ತರಗತಿಯ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಅಲ್ಲಿ ಕಲಿಯುತ್ತಾರೆ.

ಪದಾರ್ಥಗಳ ಸಾಲು ಇಲ್ಲದ ಅರ್ಜಿಯನ್ನು ಸಮಿತಿ ವಾಪಸ್ ಕಳಿಸಬೇಕು. ಮೊದಲ ವರ್ಷ ನಾಲ್ಕೈದು ಜನ ಮುನಿಸಿಕೊಳ್ಳುತ್ತಾರೆ. ಗುಟ್ಟಿನ ಪಾಕ ಬಯಲಾಗುತ್ತದೆ ಎನ್ನುವವರಿಗೆ ಹೇಳಿ: ಏನೇನಿದೆ ಎಂದಷ್ಟೇ ಕೇಳುತ್ತಿದ್ದೇವೆ, ಎಷ್ಟು ಹೊತ್ತು ಹುರಿದಿರಿ ಎಂದಲ್ಲ. ನಮ್ಮ ಮನೆಯಲ್ಲೂ ಒಬ್ಬರು ಹುಳಿಪುಡಿ ಮಾರುತ್ತಾರೆ. ಈ ಲೇಖನ ಓದಿ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಇಂಗಿನ ಡಬ್ಬಿಯನ್ನೂ ಕನ್ನಡಕವನ್ನೂ ತಂದು ನನ್ನ ಮುಂದೆ ಇಟ್ಟು, "ಓದಿ, ಬರ್ಕೋತೀನಿ" ಎಂದರು.